ಶಿಲೆಯ ಲೆಕ್ಕ, ಶಾಸ್ತ್ರದ ಲೆಕ್ಕ

ಭೂಮಿ ಹುಟ್ಟಿ ಎಷ್ಟು ಕಾಲವಾಯಿತು? ಯೂರೋಪಿನ ಜನ ಈ ಪ್ರಶ್ನೆಗೆ ಬಹುಕಾಲ ಉತ್ತರವನ್ನು ಅರಸಿದುದು ಧರ್ಮಗ್ರಂಥದಲ್ಲಿ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳನ್ನೂ ಪ್ರಾಚೀನ ರಾಜರ ಆಳ್ವಿಕೆಯ ವರ್ಷಗಳನ್ನೂ ಕೂಡಿಸಿ, ಸೃಷ್ಟಿ ನಡೆದುದು ಕ್ರಿ. ಪೂ. 4004ರಲ್ಲಿ ಎಂದು 1650ರಲ್ಲಿ ಪ್ರಕಟಿಸಿದನು. ಇದು ಅಜ್ಞಾನಿಯ ಹರಟೆಯಲ್ಲ; ದೊಡ್ಡ ವಿದ್ವಾಂಸನೊಬ್ಬನ ಪರಿಶ್ರಮದ ಫಲ.

ಆದರೆ ಶಿಲೆಗಳು ಬೇರೆಯೇ ಕಥೆಯನ್ನು ಹೇಳಿದುವು. 1788ರಲ್ಲಿ ಜೇಮ್ಸ್ ಹಟನ್ ಸ್ಕಾಟ್ಲೆಂಡಿನ ಕಡಲತೀರದ ಸಿಕ್ಕರ್ ಪಾಯಿಂಟ್ ಎಂಬಲ್ಲಿ ಒಂದು ವಿಚಿತ್ರವನ್ನು ಕಂಡನು. ಕೆಳಗೆ ನೆಟ್ಟಗೆ ನಿಂತ ಬೂದುಬಣ್ಣದ ಪದರಗಳು. ಅವುಗಳ ಸವೆದ ತುದಿಗಳ ಮೇಲೆ ತುಸು ಓರೆಯಾಗಿ ಹಾಸಿದ ಕೆಂಪು ಮರಳುಗಲ್ಲು. ಕೆಳಗಿನ ಪದರಗಳು ಮೊದಲು ಕಡಲ ತಳದಲ್ಲಿ ಶೇಖರವಾಗಿ ಕಲ್ಲಾಗಬೇಕು. ಬಳಿಕ ಮಡಿಚಿಕೊಂಡು ಮೇಲೆದ್ದು ಸವೆಯಬೇಕು. ಅನಂತರ ಅವುಗಳ ಮೇಲೆ ಮರಳು ಹರಡಿ ಅದೂ ಕಲ್ಲಾಗಬೇಕು. ಇಷ್ಟಕ್ಕೆಲ್ಲ ಆರು ಸಾವಿರ ವರ್ಷ ಸಾಲುವುದೆಂತು? ಹಟನ್ ನಾಸ್ತಿಕನಲ್ಲ; ಭೂಮಿಯ ವ್ಯವಸ್ಥೆಯಲ್ಲಿ ಅವನು ಕಂಡುದು ದೈವದ ವಿವೇಕವನ್ನೇ.

ಆ ಬಳಿಕ ಸಮನ್ವಯದ ಯತ್ನಗಳು ನಡೆದುವು. ಬೈಬಲಿನ ಮೊದಲೆರಡು ವಾಕ್ಯಗಳ ನಡುವೆ ದೀರ್ಘಕಾಲ ಕಳೆದಿರಬಹುದೆಂದು ಪಾದ್ರಿ ಥಾಮಸ್ ಚಾಲ್ಮರ್ಸ್ ಹೇಳಿದನು. ಸೃಷ್ಟಿಯ ಒಂದೊಂದು ದಿನವೂ ಒಂದೊಂದು ಯುಗವೆಂದನು ಹ್ಯೂ ಮಿಲ್ಲರ್. ಭಕ್ತರಿಗೆ ಇದರಿಂದ ಸಮಾಧಾನ ದೊರೆಯಿತು. ಭೂಮಿಯ ವಯಸ್ಸು ಮಾತ್ರ ತಿಳಿಯಲಿಲ್ಲ.

ಅದನ್ನು ತಿಳಿಸಿದುದು ಪರಮಾಣುವಿನ ಅಭ್ಯಾಸ. ಯುರೇನಿಯಂ-238ರ ಪರಮಾಣುಗಳು ತಾವಾಗಿಯೇ ಕ್ಷಯಿಸುತ್ತ ಕೊನೆಗೆ ಸೀಸವಾಗುತ್ತವೆ. ಇದ್ದುದರಲ್ಲಿ ಅರ್ಧ ಕ್ಷಯಿಸಲು ಸುಮಾರು 447 ಕೋಟಿ ವರ್ಷ ಬೇಕು. ಕುಲುಮೆಯಲ್ಲಿ ಕಾಸಿದರೂ ಭಾರದಡಿ ಒತ್ತಿದರೂ ಈ ವೇಗ ಬದಲಾಗದು. ಆದುದರಿಂದ ಖನಿಜದಲ್ಲಿ ಯುರೇನಿಯಂ ಎಷ್ಟು ಉಳಿದಿದೆ, ಅದರಿಂದ ಹುಟ್ಟಿದ ಸೀಸ ಎಷ್ಟಿದೆ ಎಂಬುದನ್ನು ಅಳೆದರೆ ಅದರ ವಯಸ್ಸು ದೊರೆಯುತ್ತದೆ. ಭೂಮಿಯೊಡನೆಯೇ ರೂಪುಗೊಂಡ ಉಲ್ಕಾಶಿಲೆಗಳ ಸೀಸವನ್ನು ಪರೀಕ್ಷಿಸಿ, ಅಮೆರಿಕದ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ತೋರಿಸಿದನು. ಮುಂದಿನ ಅಳತೆಗಳೂ ಇದನ್ನೇ ಸಮರ್ಥಿಸಿವೆ.

ಇದನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರು ಹಿಗ್ಗುವುದುಂಟು. ಬ್ರಹ್ಮನ ಒಂದು ಹಗಲು, ಎಂದರೆ ಒಂದು ಕಲ್ಪ, 432 ಕೋಟಿ ವರ್ಷ. ಎಷ್ಟು ಹತ್ತಿರದ ಸಂಖ್ಯೆ! ಆದರೆ ಕಲ್ಪವಿನ್ನೂ ಮುಗಿದಿಲ್ಲ. ಪೂಜೆಯ ಸಂಕಲ್ಪದಲ್ಲಿ ಹೇಳುವಂತೆ ಈಗ ನಡೆಯುತ್ತಿರುವುದು ಶ್ವೇತವರಾಹ ಕಲ್ಪದ ಏಳನೆಯ ಮನ್ವಂತರ, ವೈವಸ್ವತ. ಆ ಲೆಕ್ಕದಂತೆ ಈವರೆಗೆ ಕಳೆದುದು ಸುಮಾರು 197 ಕೋಟಿ ವರ್ಷ ಮಾತ್ರ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೋ ಸುಮಾರು 300 ಕೋಟಿ ವರ್ಷ! ಅಕ್ಷರಶಃ ಹೋಲಿಸಹೊರಟರೆ, ಸೃಷ್ಟಿಗಿಂತ ಬಂಡೆಯೇ ಹಿರಿದಾಗುತ್ತದೆ. ಕೋಟಿ ಕೋಟಿ ವರ್ಷಗಳನ್ನು ಭಾವಿಸಿದ ನಮ್ಮ ಪೂರ್ವಿಕರ ಕಲ್ಪನೆ ಮಹತ್ತಾದುದು, ನಿಜ. ಆದರೆ ಅದು ಕಲ್ಲನ್ನು ಅಳೆದು ಪಡೆದ ಸಂಖ್ಯೆಯಲ್ಲ.

ಹಾಗಾದರೆ ವಿಜ್ಞಾನವನ್ನು ಓದುವ ಆಸ್ತಿಕ ವಿದ್ಯಾರ್ಥಿಯು ತನ್ನ ನಂಬಿಕೆಯನ್ನು ತೊರೆಯಬೇಕೆ? ಬೇಕಾಗಿಲ್ಲ. ಸಂಖ್ಯೆಗಳನ್ನು ಎಳೆದು ಸರಿಹೊಂದಿಸುವುದು ಸಮನ್ವಯವಲ್ಲ. ಅಂಕಿಯನ್ನೇ ಆಧರಿಸಿದ ನಂಬಿಕೆ ಅಂಕಿಯೊಡನೆಯೇ ಕುಸಿಯುತ್ತದೆ. ಭೂಮಿಗೆ ವಯಸ್ಸೆಷ್ಟು ಎಂಬುದನ್ನು ಶಿಲೆಯಲ್ಲಿ ಕೇಳೋಣ. ಈ ಭೂಮಿಯ ಮೇಲೆ ಹೇಗೆ ಬಾಳಬೇಕೆಂಬುದನ್ನು ಧರ್ಮದಲ್ಲಿ ಕೇಳೋಣ. ಒಂದರ ಉತ್ತರವನ್ನು ಮತ್ತೊಂದರಿಂದ ಬಲವಂತವಾಗಿ ಹೇಳಿಸದಿದ್ದರೆ ಎರಡಕ್ಕೂ ಗೌರವ ಉಳಿಯುತ್ತದೆ.