ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಹಳೇ ಚಿಲಕ

ಪ್ರವಾಸ ಹೊರಡುವಾಗ ನಾವು ಹೆಂಗಸರು ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳುವುದನ್ನು ಮರೆಯುವುದಿಲ್ಲ. ರಾತ್ರಿ ತಂಗುವ ರೂಮಿನ ಮಾತು ಬಂದಾಗ ಮಾತ್ರ "ಅದೆಲ್ಲಾ ಗಂಡಸರು ನೋಡ್ಕೋತಾರೆ" ಎಂದು ಸುಮ್ಮನಾಗಿಬಿಡುತ್ತೇವೆ. ಆದರೆ ಹೆಣ್ಣುಮಕ್ಕಳನ್ನು ಕಾಯಬೇಕಾದವರು, ವಯಸ್ಸಾದವರನ್ನು ಕೈಹಿಡಿದು ಬಚ್ಚಲಿಗೆ ನಡೆಸಬೇಕಾದವರು ನಾವೇ ಅಲ್ಲವೇ?

ಹೊಳೆನರಸೀಪುರದಲ್ಲಿ ನೆಂಟರ ಮದುವೆ ಮುಗಿಸಿಕೊಂಡು ನಾವು ಹಾಸನದಲ್ಲಿ ಎರಡು ರಾತ್ರಿ ಉಳಿದೆವು. ಅಲ್ಲಿಂದ ಬೇಲೂರು ಸುಮಾರು 40 ಕಿಲೋಮೀಟರು. ಚನ್ನರಾಯಪಟ್ಟಣದ ಮೇಲೆ ಹೋದರೆ ಶ್ರವಣಬೆಳಗೊಳ 50 ಕಿಲೋಮೀಟರಿನಷ್ಟು. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇವನ್ನೆಲ್ಲ ನೋಡಲು ಹಾಸನದಲ್ಲಿ ತಂಗುವುದೇ ಅನುಕೂಲ.

ನಾವು ಹೋದದ್ದು ಕಡಿಮೆ ಬಾಡಿಗೆಯ, ಆಗತಾನೇ ರಿಪೇರಿಯಾಗಿದ್ದ ಒಂದು ಲಾಡ್ಜಿಗೆ. ಹೊಸ ಬಣ್ಣ, ಹೊಸ ಟೈಲ್ಸು, ಆಳೆತ್ತರದ ಕನ್ನಡಿ! ಆದರೆ ಬಾಗಿಲಿನ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ಬಚ್ಚಲಿನ ವೆಂಟಿಲೇಟರಿಗೆ ಗಾಜಿಲ್ಲ; ಅದರಾಚೆಗೆ ಎಲ್ಲರೂ ಓಡಾಡುವ ವರಾಂಡ. ಕಾಲೇಜಿಗೆ ಹೋಗುವ ಮಗಳು "ಅಮ್ಮಾ, ನಾನಿಲ್ಲಿ ಸ್ನಾನ ಮಾಡಲ್ಲ" ಎಂದು ಮೆಲ್ಲಗೆ ಹೇಳಿದಳು. ಅತ್ತೆಯವರಂತೂ ನುಣ್ಣನೆಯ ಟೈಲ್ಸಿನ ಮೇಲೆ ಕಾಲಿಟ್ಟವರೇ ಗೋಡೆ ಹಿಡಿದುಕೊಂಡರು. ಗೊಮ್ಮಟನ ಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತೇನೆಂದು ಬಂದವರು ಬಚ್ಚಲಲ್ಲೇ ಜಾರಿಬಿದ್ದರೆ ಗತಿಯೇನು?

ನಮ್ಮ ಯಜಮಾನರು "ಎರಡು ರಾತ್ರಿ ತಾನೇ, ಹೊಂದಿಕೊಳ್ಳೋಣ" ಎಂದರು. ನಾನೇ ಕೆಳಗಿಳಿದು ಹೋದೆ. "ಎಲ್ಲಾ ಹೊಸದಾಗಿ ಮಾಡಿಸಿದೀವಲ್ಲಮ್ಮಾ" ಎಂದರು ಮ್ಯಾನೇಜರು. "ಹೊಸದು ಸರಿ ಸ್ವಾಮಿ, ಒಂದ್ಸಲ ಬಂದು ಚಿಲಕ ಹಾಕಿ ನೋಡಿ" ಎಂದೆ. ಬಂದು ನೋಡಿದರು, ಮರುಮಾತಿಲ್ಲದೆ ಕೆಳಗಿನ ಮಹಡಿಯ ರೂಮು ಕೊಟ್ಟರು. ಅಲ್ಲಿ ಬಣ್ಣ ಹಳೆಯದು, ಚಿಲಕ ಭದ್ರ, ಬಚ್ಚಲಿನ ನೆಲ ತರಿತರಿ. ಎಲ್ಲರಿಗೂ ಕಣ್ತುಂಬ ನಿದ್ದೆ ಬಂತು.

ಆದ್ದರಿಂದ ಗೃಹಿಣಿಯರೇ, ಹಣ ಕಟ್ಟುವ ಮುಂಚೆ ರೂಮಿಗೆ ನೀವೇ ಹೋಗಿ. ಬಾಗಿಲು, ಕಿಟಕಿಗಳ ಚಿಲಕ ಹಾಕಿ ತೆಗೆದು ನೋಡಿ. ನಲ್ಲಿ ತಿರುಗಿಸಿ. ದಿಂಬಿನ ಚೀಲ, ಹಾಸಿಗೆಯ ಅಡಿ ನೋಡಿ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿ. ಸೋಲಾರ್ ಆದರೆ ಮೋಡದ ದಿನ ನೀರು ಕಾಯುವುದು ಕಷ್ಟ. ವಯಸ್ಸಾದವರಿದ್ದರೆ ಒಂದು ರಬ್ಬರ್ ಚಾಪೆ ಚೀಲದಲ್ಲಿರಲಿ. ದೊಡ್ಡವರೆಲ್ಲರ ಗುರುತಿನ ಚೀಟಿಯೂ ಬೇಕು.

ಹಾಸನಾಂಬೆಯ ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆಯ ನಂತರದ ಗುರುವಾರ. ದೀಪಾವಳಿಯ ಬಲಿಪಾಡ್ಯಮಿ ಕಳೆಯುವವರೆಗೂ ಊರು ತುಂಬ ಜನ. ಆಗ ರೂಮು ಆರಿಸಿಕೊಳ್ಳುವ ವ್ಯವಧಾನ ಇರುವುದಿಲ್ಲ. ಹೊರಡುವ ಮೊದಲೇ ಫೋನು ಮಾಡಿ, ಬಾಡಿಗೆಯ ಜೊತೆಗೆ ಚಿಲಕ, ನೀರು, ಕೆಳಮಹಡಿ ಇವನ್ನೂ ಕೇಳಿಕೊಳ್ಳಿ. ಕೇಳಲು ಸಂಕೋಚ ಬೇಡ.