ಕಪ್ಪಾಯಿತೆಂದು ಚೆಲ್ಲಬೇಡಿ



ಪುಣೆಯ ಭೋಸರಿ, ಮುಂಬಯಿಯ ಕುರ್ಲಾದಂಥ ಕಡೆ ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ದುಡಿಯುವ ಕನ್ನಡಿಗರಿಗೆ ಪಾರ್ಟ್ಸ್ ವಾಷರ್ ಹೊಸದೇನಲ್ಲ. ಮೇಲೊಂದು ತೊಟ್ಟಿ, ಕೆಳಗೊಂದು ಡ್ರಮ್ಮು, ನಡುವೆ ಪಂಪು. ಡ್ರಮ್ಮಿನಲ್ಲಿ ಎಂ.ಟಿ.ಓ. ಎನ್ನುವ ಮಿನರಲ್ ಟರ್ಪೆಂಟೈನ್, ಇಲ್ಲವೇ ಸೀಮೆಎಣ್ಣೆ. ನಾಲ್ಕು ಗೇರ್‌ಬಾಕ್ಸ್ ತೊಳೆಯುವಷ್ಟರಲ್ಲಿ ಅದು ಕಪ್ಪಾಗುತ್ತದೆ. ಕೆಟ್ಟಿತೆಂದು ಚೆಲ್ಲಿ ಹೊಸದನ್ನು ತರಿಸುತ್ತೇವೆ. ದುಡ್ಡು ಸೋರುವುದು ಇಲ್ಲೇ!

ಬಣ್ಣಕ್ಕೆ ಮೋಸಹೋಗಬೇಡಿ. ಅದರಲ್ಲಿ ಸೇರುವ ಕೊಳೆ ಮೂರು ಬಗೆ. ಮಣ್ಣು ಮತ್ತು ಲೋಹದ ಪುಡಿ ಒಂದು, ನೀರು ಎರಡನೆಯದು, ಕರಗಿದ ಆಯಿಲು, ಗ್ರೀಸು ಮೂರನೆಯದು. ಮೊದಲೆರಡೂ ಭಾರವಾದವು, ರಾತ್ರಿಯಿಡೀ ಅಲುಗಿಸದೆ ಬಿಟ್ಟರೆ ತಳಕ್ಕಿಳಿಯುತ್ತವೆ. ಬೆಳಿಗ್ಗೆ ಮೇಲಿನ ತಿಳಿಯನ್ನು ನಿಧಾನವಾಗಿ ಬೇರೆ ಡಬ್ಬಕ್ಕೆ ಬಸಿದು, ಬಟ್ಟೆಯಲ್ಲಿ ಸೋಸಿ, ಗಸಿ ತೆಗೆಯಿರಿ. ನುಣ್ಣನೆಯ ಮಸಿ ಉಳಿದು ಬಣ್ಣ ಕಪ್ಪಾಗಿಯೇ ಇದ್ದರೂ ಮತ್ತೆ ತೊಳೆಯಲು ಬರುತ್ತದೆ.

ಕರಗಿದ ಆಯಿಲು ಮಾತ್ರ ತಳಕ್ಕಿಳಿಯದು, ಸೋಸಿದರೂ ಹೋಗದು. ಅದು ಹೆಚ್ಚಾಯಿತೇ ಎಂದು ತಿಳಿಯಲು ಎರಡು ಗಾಜಿನ ತುಂಡು ಸಾಕು. ಒಂದನ್ನು ಹಳೆಯದರಲ್ಲಿ, ಇನ್ನೊಂದನ್ನು ಹೊಸದರಲ್ಲಿ ಅದ್ದಿ ಒಣಗಿಸಿ. ಹಳೆಯದರ ಗಾಜಿನಲ್ಲಿ ಜಿಡ್ಡು ಹೆಚ್ಚಾಗಿ ಬೆರಳಿಗೆ ಹತ್ತಿದರೆ ಬದಲಿಸುವ ಹೊತ್ತು ಬಂದಿದೆ ಎಂದೇ ಅರ್ಥ.

ಬಾಳಿಕೆ ಹೆಚ್ಚಬೇಕೆಂದರೆ ದಪ್ಪ ಗ್ರೀಸನ್ನು ಮೊದಲೇ ಕೆರೆದು ತೆಗೆಯಿರಿ. ಮೊದಲ ತೊಳೆತ ಹಳೆಯದರಲ್ಲಿ, ಕೊನೆಯದು ಹೊಸದರಲ್ಲಿ ಇರಲಿ. ಬ್ರೇಕ್ ಆಯಿಲು, ಸೋಪಿನ ನೀರು ಬೆರೆಸಬೇಡಿ. ಕೆಲಸ ಮುಗಿದೊಡನೆ ಮುಚ್ಚಳ ಹಾಕಿ. ಇಲ್ಲದಿದ್ದರೆ ಆವಿಯಾಗಿ ಹೋಗುತ್ತದೆ. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ, ಬರಿಗೈಯಲ್ಲಿ ತೊಳೆದರೆ ಚರ್ಮ ಒಣಗಿ ಬಿರಿಯುತ್ತದೆ.

ಬೇಗ ಸ್ವಚ್ಛವಾಗುತ್ತದೆಂದು ಪೆಟ್ರೋಲು ಮಾತ್ರ ಬೇಡವೇ ಬೇಡ. ಸೀಮೆಎಣ್ಣೆಯ ಆವಿಗೆ ಕಿಡಿ ತಗುಲಿ ಹೊತ್ತಿಕೊಳ್ಳಲು ಅದು 35 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರಬೇಕು. ಪೆಟ್ರೋಲಿಗೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಕಿಡಿಯೊಂದೇ ಸಾಕು. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ವೆಲ್ಡಿಂಗ್ ಕಿಡಿಯನ್ನೂ ತಲುಪುತ್ತದೆ. ನಮ್ಮ ಕಡುಬೇಸಿಗೆಯಲ್ಲಿ ಸೀಮೆಎಣ್ಣೆಯ ಹತ್ತಿರವೂ ಬೀಡಿ, ಬೆಂಕಿ ಸುಳಿಯಬಾರದು.

ನಿಜವಾಗಿಯೂ ಮುಗಿದದ್ದನ್ನು ಮೋರಿಗೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಧಿಕೃತ ಸಂಸ್ಕರಣೆದಾರರಿಗೇ ಹೋಗಬೇಕು. ಗಸಿಯನ್ನೂ ಸೇರಿಸಿ ಭದ್ರ ಮುಚ್ಚಳದ ಕ್ಯಾನಿನಲ್ಲಿಟ್ಟು, ಮೇಲೆ ಹೆಸರು ಬರೆದಿಡಿ. ಅಧಿಕೃತರು ಯಾರೆಂದು ನಿಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ.

ಶನಿವಾರ ಸಂಜೆ ಶಟರ್ ಎಳೆಯುವ ಮುನ್ನ ಪಂಪು ನಿಲ್ಲಿಸಿ, ಮುಚ್ಚಳ ಹಾಕಿ. ಸೋಮವಾರ ಬೆಳಿಗ್ಗೆ ತಿಳಿ ಸಿದ್ಧ. ನಡುವಿನ ಭಾನುವಾರ ರೇಡಿಯೋ ಹಚ್ಚಲು ಮರೆಯಬೇಡಿ!