ಚೀಟಿ ಇಟ್ಟರೆ ಸಾಲದು, ಗಂಟೆಯೂ ಬಾರಿಸಬೇಕು

2020ರ ಅಕ್ಟೋಬರ್ 17ರಂದು ಚಾಮುಂಡಿ ಬೆಟ್ಟದಲ್ಲಿ ಡಾ. ಸಿ.ಎನ್. ಮಂಜುನಾಥ್ ದಸರಾ ಉದ್ಘಾಟಿಸಿದಾಗ ಕೋವಿಡ್ ಕಾರಣಕ್ಕೆ ಮೇಲೆ ಇದ್ದವರು ಕೆಲವರಷ್ಟೇ. ಉಳಿದವರಿಗೆ ನೇರಪ್ರಸಾರವೇ ದರ್ಶನ.

ಇಂಥ ಪ್ರಸಾರದ ಸಾಫ್ಟ್‌ವೇರ್‌ನೊಳಗೆ ಸಾಮಾನ್ಯವಾಗಿ ಹಲವು ಥ್ರೆಡ್‌ಗಳು ದುಡಿಯುತ್ತಿರುತ್ತವೆ. ಒಂದು ಕ್ಯಾಮೆರಾದಿಂದ ಚಿತ್ರ ಎತ್ತಿಕೊಂಡರೆ ಇನ್ನೊಂದು ಎನ್‌ಕೋಡ್ ಮಾಡುತ್ತದೆ, ಮತ್ತೊಂದು ನೆಟ್‌ವರ್ಕ್‌ಗೆ ದಾಟಿಸುತ್ತದೆ. ಗುಂಡಿ ಒತ್ತಿದ್ದು, ಟೈಮರ್ ಮುಗಿದದ್ದು, ವೀಕ್ಷಕರು ಬಂದು ಹೋದದ್ದು ನೋಡಿಕೊಳ್ಳುವುದು ಈವೆಂಟ್ ಲೂಪ್. ಬಂದ ಕೆಲಸವನ್ನು ಒಂದಾದ ಮೇಲೊಂದರಂತೆ ಮುಗಿಸುತ್ತದೆ, ಕೆಲಸವಿಲ್ಲದಿದ್ದರೆ ನಿದ್ದೆ ಹೋಗುತ್ತದೆ. ಗರ್ಭಗುಡಿಯ ಅರ್ಚಕರಂತೆ ಅದು ಒಂಟಿ: ಹೊಸ್ತಿಲಾಚೆಯಿಂದ ಅರ್ಚನೆ ಚೀಟಿ ಕೊಡಬಹುದು, ಒಳಗೆ ನುಗ್ಗಿ ಆರತಿ ತಟ್ಟೆ ಎತ್ತುವಂತಿಲ್ಲ.

‘ಲಾಕ್ ಹಾಕಿಕೊಂಡರೆ ಯಾವ ಥ್ರೆಡ್‌ನಿಂದಲಾದರೂ ಲೂಪ್‌ಗೆ ಕೆಲಸ ಹಚ್ಚಬಹುದು’ ಎಂಬುದು ಬಹಳ ಜನರ ನಂಬಿಕೆ. ಪೈಥಾನ್‌ನ ಈವೆಂಟ್ ಲೂಪ್ ಲೈಬ್ರರಿಯಾದ ಅಸಿಂಕ್‌ಐಒ ಈ ನಂಬಿಕೆಯ ತಪ್ಪನ್ನು ಚೆನ್ನಾಗಿ ಬಯಲು ಮಾಡುತ್ತದೆ. ಬೇರೆ ಥ್ರೆಡ್‌ನಿಂದ ‘ಕಾಲ್_ಸೂನ್’ ಎಂದು ಕರೆದರೆ ಕೆಲಸ ಸಾಲಿಗೆ ಸೇರುತ್ತದೆ, ಸಾಲು ಕೆಡುವುದೂ ಇಲ್ಲ. ಆದರೆ ಲೂಪ್ ಆಗ ಆಪರೇಟಿಂಗ್ ಸಿಸ್ಟಮ್‌ನ ಮಡಿಲಲ್ಲಿ, ಸಾಕೆಟ್ ಅಲುಗಾಡಲಿ ಎಂದು ಕಾಯುತ್ತ ಮಲಗಿರುತ್ತದೆ. ಚೀಟಿ ಬಿದ್ದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಪರದೆಯ ಬ್ಯಾನರ್ ತೆಗೆಯಲು ಆಜ್ಞೆ ಕೊಟ್ಟರೂ ಅದು ಅಲ್ಲೇ ನಿಂತಿರುತ್ತದೆ. ಹೊಸ ವೀಕ್ಷಕರೊಬ್ಬರು ಸೇರಿದ ಕೂಡಲೇ ಥಟ್ಟನೆ ಮಾಯ! ಆ ಸಂಪರ್ಕ ಲೂಪನ್ನು ಎಬ್ಬಿಸಿದಾಗ ಹಳೆಯ ಚೀಟಿಯೂ ಕಣ್ಣಿಗೆ ಬಿತ್ತು, ಅಷ್ಟೇ. ನೆಟ್‌ವರ್ಕ್ ನಿಧಾನವೆಂದು ಬೈದುಕೊಂಡು ದಿನಗಟ್ಟಲೆ ಕೇಬಲ್ ಬದಲಿಸುವವರಿದ್ದಾರೆ.

‘ಕಾಲ್_ಸೂನ್_ಥ್ರೆಡ್‌ಸೇಫ್’ ಇದಕ್ಕೆಂದೇ ಇದೆ. ಅದು ಚೀಟಿ ಇಟ್ಟ ಮೇಲೆ, ಲೂಪ್ ಸದಾ ಕಿವಿಗೊಟ್ಟಿರುವ ಒಳಗಿನ ಸಾಕೆಟ್‌ಗೆ ಒಂದೇ ಒಂದು ಬೈಟ್ ಬರೆಯುತ್ತದೆ. ಅದೇ ಗಂಟೆ.

ಹಾಗೆಂದು ಐದು ಸಲ ಗಂಟೆ ಬಾರಿಸಿದರೆ ಐದು ಸಲ ಕೆಲಸ ನಡೆಯುತ್ತದೆಯೇ? ಎಲ್ಲ ಕಡೆ ಇಲ್ಲ. ನೋಡ್.ಜೆಎಸ್‌ನ ತಳಹದಿಯಾದ ಲಿಬ್‌ಯುವಿಯಲ್ಲಿ ‘ಯುವಿ_ಅಸಿಂಕ್_ಸೆಂಡ್’ ಐದು ಬಾರಿ ಕರೆದರೂ ಕಾಲ್‌ಬ್ಯಾಕ್ ಒಂದೇ ಬಾರಿ ಓಡಬಹುದು. ಫ್ರೇಮ್‌ಗಳನ್ನು ಪ್ರತ್ಯೇಕ ಸಾಲಿನಲ್ಲಿಟ್ಟು, ಎಚ್ಚರವಾದಾಗ ಸಾಲು ಪೂರಾ ಖಾಲಿ ಮಾಡಬೇಕು. ಸಂಕೇತಗಳನ್ನು ಎಣಿಸುತ್ತ ಕೂತರೆ ಫ್ರೇಮ್ ಕಳೆದಂತೆಯೇ.

ಮಲ್ಟಿಮೀಡಿಯಾ ಫ್ರೇಮ್‌ವರ್ಕ್ ಆದ ಜಿಸ್ಟ್ರೀಮರ್ ಬಳಸುವವರು ಬೀಳುವ ಹಳ್ಳ ಬೇರೆ. ಸ್ಟ್ರೀಮಿಂಗ್ ಥ್ರೆಡ್‌ನ ಕಾಲ್‌ಬ್ಯಾಕ್‌ನಲ್ಲೇ ಪೈಪ್‌ಲೈನ್ ನಿಲ್ಲಿಸಿದರೆ ಕೆಲಸ ಬೇಗ ಮುಗಿಯುತ್ತದೆ ಎಂದುಕೊಳ್ಳುತ್ತಾರೆ. ಆದರೆ ಪೈಪ್‌ಲೈನ್ ನಿಲ್ಲಬೇಕಾದರೆ ಸ್ಟ್ರೀಮಿಂಗ್ ಥ್ರೆಡ್ ಮೊದಲು ಮುಗಿಯಬೇಕು. ನಿಲ್ಲಿಸಲು ಹೊರಟದ್ದೂ ಅದೇ ಥ್ರೆಡ್! ತಾನು ಮುಗಿಯಲೆಂದು ತಾನೇ ಕಾಯುತ್ತ ಪ್ರೋಗ್ರಾಂ ಕಲ್ಲಾಗುತ್ತದೆ, ಬೆಟ್ಟದ ನಂದಿಯ ಹಾಗೆ. ಜಿಸ್ಟ್ರೀಮರ್‌ನ ಸಂದೇಶ ಸಾಗಿಸುವ ‘ಬಸ್’ಗೆ ಸಂದೇಶ ಹಾಕಿ ಮುಖ್ಯ ಲೂಪ್‌ನಿಂದ ನಿಲ್ಲಿಸುವುದು ಸರಿಯಾದ ದಾರಿ.

ಪೈಥಾನ್‌ನಲ್ಲಿ ಕೆಲಸ ಮಾಡುವವರು ಪ್ರಸಾರದ ಹಿಂದಿನ ದಿನವೇ ಅಸಿಂಕ್‌ಐಒದ ಡಿಬಗ್ ಮೋಡ್ ಹಾಕಿ ಒಮ್ಮೆ ಓಡಿಸಿ ನೋಡಲಿ. ತಪ್ಪು ಥ್ರೆಡ್‌ನಿಂದ ‘ಕಾಲ್_ಸೂನ್’ ಕರೆದಿದ್ದರೆ ಅದು ರನ್‌ಟೈಮ್ ಎರರ್ ಎಸೆದು ಆ ಜಾಗವನ್ನು ತೋರಿಸುತ್ತದೆ.